ಸರೋಜತ್ತೆ ತೊಳೆಯುತ್ತಿದ್ದ ಕಾರು

ಬಿಸಿಲಿಗೆ ನಿಂತ ನನ್ನ ಕಾರಿನ ಬಾಗಿಲು ತೆರೆದರೆ ಮೊದಲು ಮೂಗಿಗೆ ಬಡಿಯುವುದು ತೆಂಗಿನೆಣ್ಣೆಯ ವಾಸನೆ. ಆಫೀಸಿನ ಗೆಳತಿಯರು ಮೂಗು ಮುಚ್ಚಿಕೊಂಡು ನಗುತ್ತಾರೆ, ಹುಟ್ಟುಹಬ್ಬಕ್ಕೆಂದು ಕನ್ನಡಿಗೆ ತೂಗುಹಾಕುವ ಮಲ್ಲಿಗೆ ಸೆಂಟಿನ ಡಬ್ಬಿ ತಂದುಕೊಡುತ್ತಾರೆ. ನಾನು ಥ್ಯಾಂಕ್ಸ್ ಹೇಳಿ ಅದನ್ನು ಬಚ್ಚಲಿನಲ್ಲಿ ಇಡುತ್ತೇನೆ. ಭಾನುವಾರ ಬೆಳಿಗ್ಗೆ ಐರೋಲಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬಕೆಟ್ಟು, ಅಂಟುವಾಳದ ನೀರು, ಹಳೆಯ ಹತ್ತಿ ಸೀರೆಯ ತುಂಡು ಇಟ್ಟುಕೊಂಡು ನಾನೇ ಕಾರು ತೊಳೆಯುತ್ತೇನೆ. ವಿಜಯಪುರ ಕಡೆಯ ನಮ್ಮ ವಾಚ್‌ಮನ್ ಬಸಪ್ಪನಿಗೆ ಇದು ನೋಡಲಾಗದ ಸಂಕಟ. "ಅಕ್ಕಾರ, ಗಾಡಿ ತೊಳ್ಯಾಕ ಹುಡುಗ್ರು ಅದಾರಲ್ರಿ, ನೀವ್ಯಾಕ ಕೈ ಹೊಲಸ್ ಮಾಡ್ಕೋತೀರಿ?" ಎಂದು ವಾರ ತಪ್ಪದೆ ಕೇಳುತ್ತಾನೆ. ಒದ್ದೆ ರಬ್ಬರ್ ಮ್ಯಾಟು, ನೆನೆದ ಅಂಟುವಾಳ, ಬಿಸಿಯೇರಿದ ಸೀಟು, ಎಲ್ಲದರ ಮೇಲೆ ಆ ಎಣ್ಣೆ. ಆ ವಾಸನೆಯ ನಡುವೆ ನಿಂತರೆ ಡೊಂಬಿವಲಿಯ ಆ ಅಂಗಳ ಹಾಗೇ ಎದ್ದು ಬರುತ್ತದೆ. ಅದರ ಹಿಂದೆಯೇ ನನ್ನ ಸಿಟ್ಟೂ ಬರುತ್ತದೆ. ವಯಸ್ಸಾದ ಹಾಗೆ ಸಿಟ್ಟು ಕರಗುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ನನ್ನದು ಕರಗಿಲ್ಲ.

ಡೊಂಬಿವಲಿ ಪೂರ್ವದಲ್ಲಿ ನಮ್ಮದು ಹಳೆಯ ಒಂದು ಮಹಡಿಯ ಮನೆ. ಅಕ್ಕಪಕ್ಕದಲ್ಲೆಲ್ಲ ಬಿಲ್ಡಿಂಗ್ ಎದ್ದು ನಿಂತಿದ್ದರೂ ನಮಗೆ ಮಾತ್ರ ಕಡಪ ಕಲ್ಲು ಹಾಸಿದ ಅಂಗಳ, ಒಂದು ನುಗ್ಗೆಮರ, ನಲ್ಲಿ ನೀರು ತುಂಬಿಡುವ ನೀಲಿ ಡ್ರಮ್ಮು ಇದ್ದವು. ಉಡುಪಿ ಕಡೆಯಿಂದ ಅಜ್ಜ ಬಂದು ಕಟ್ಟಿಸಿದ ಮನೆ ಅದು. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನಾನು, ಮತ್ತು ಅಪ್ಪನ ಅಕ್ಕ ಸರೋಜತ್ತೆ, ಇಷ್ಟು ಜನ. ದೊಡ್ಡಪ್ಪನ ಮಗ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ. ಸಂಜೆ ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದರೆ ಗಂಟಲು ಕೆರೆಯುತ್ತಿತ್ತು, ಒಣಗಲು ಹಾಕಿದ ಬಟ್ಟೆಯ ಮೇಲೆ ಸಣ್ಣ ಪುಡಿ ಕೂರುತ್ತಿತ್ತು. ಆದರೂ ಒಳಗಿನಿಂದ ಅಜ್ಜಿಯ ಒಗ್ಗರಣೆಯ ಸದ್ದು ಕೇಳಿದರೆ ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತಿತ್ತು. ದೊಡ್ಡಪ್ಪನಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್‌ನಲ್ಲಿ ವ್ಯಾಪಾರ. ಅದು ಕೈಹಿಡಿದ ವರ್ಷ ಅವರು ಒಂದು ಸಣ್ಣ ಬಿಳಿ ಕಾರು ತಂದರು. ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದಾಗ ಇಡೀ ಗಲ್ಲಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಅಂದಿನಿಂದ ಮನೆಯಲ್ಲಿ ದೊಡ್ಡಪ್ಪನಾದ ಮೇಲೆ ಎರಡನೆಯ ಯಜಮಾನ ಆ ಕಾರು. ದೊಡ್ಡಪ್ಪನಿಗೆ ನಾನು ಇಲ್ಲಿ ಬಹುವಚನ ಕೊಡುತ್ತಿರುವುದು ಅಭ್ಯಾಸಬಲದಿಂದ, ಗೌರವದಿಂದಲ್ಲ.

ಸರೋಜತ್ತೆ ಮದುವೆಯಾದ ವರ್ಷದೊಳಗೆ ಗಂಡನ ಮನೆಯಿಂದ ವಾಪಸು ಬಂದವಳು. ಯಾಕೆ ಎಂದು ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಎತ್ತರದ ಹೆಂಗಸು, ದಪ್ಪ ಜಡೆ, ಕಿವಿಯ ಹಿಂದಿನವರೆಗೂ ಇಳಿಯುವಷ್ಟು ತೆಂಗಿನೆಣ್ಣೆ. ಮನೆಯ ಬೀಗದ ಕೈಗಳ ಗೊಂಚಲು ಅವಳ ಸೊಂಟದಲ್ಲಿತ್ತು. ಯಾವ ಡಬ್ಬಿಯಲ್ಲಿ ಏನಿದೆ, ಹಾಲಿನವನು ಎಷ್ಟು ಹಾಕಿದ, ಯಾರಿಗೆ ಯಾವಾಗ ಹೊಟ್ಟೆ ಕೆಟ್ಟಿತ್ತು, ಎಲ್ಲ ಅವಳಿಗೆ ಬಾಯಿಪಾಠ. ಕಾರು ತೊಳೆಯುವ ಕೆಲಸವೂ ಅವಳ ತಲೆಗೇ ಬಂತು. ಹೊರಗಿನ ಹುಡುಗರು ಮಣ್ಣಿನ ಮೇಲೇ ಬಟ್ಟೆ ಉಜ್ಜಿ ಬಣ್ಣಕ್ಕೆ ಗೀರು ಹಾಕುತ್ತಾರೆಂದು ದೊಡ್ಡಪ್ಪನಿಗೆ ಭಯ. ಅತ್ತೆ ರೇಷ್ಮೆ ಸೀರೆಗೆ ನೆನೆಹಾಕುವಂತೆ ಶನಿವಾರ ರಾತ್ರಿಯೇ ಅಂಟುವಾಳ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಮೊದಲು ನುಗ್ಗೆ ಹೂವುಗಳನ್ನು ಉಫ್ ಎಂದು ಊದಿ ತೆಗೆಯುವುದು, ಆಮೇಲೆ ಮೇಲಿನಿಂದ ಚೊಂಬಿನಲ್ಲಿ ನೀರು ಬಿಡುವುದು, ಪುಡಿ ಪೂರ್ತಿ ಹರಿದುಹೋದ ಮೇಲಷ್ಟೇ ಕೈ ಇಡುವುದು. "ಮೊದ್ಲು ನೀರು, ಮತ್ತೆ ಕೈ. ಮಗುವಿಗೆ ಮೀಯಿಸಿದ ಹಾಗೆ," ಅನ್ನುತ್ತಿದ್ದಳು. ಗಾಜಿಗೆ ಒದ್ದೆ ಪೇಪರ್, ಗಾಳಿ ಬರುವ ಕಿಂಡಿಗಳಿಗೆ ಬಟ್ಟೆ ಸುತ್ತಿದ ಕಡ್ಡಿ, ಚಕ್ರದ ಸಂದಿಗೆ ಅಪ್ಪನ ಸವೆದ ಟೂತ್‌ಬ್ರಶ್ಶು. ಒಳಗೆ ಒರೆಸುವಾಗ ಡ್ರೈವರ್ ಸೀಟಿನಲ್ಲಿ ಕೂತು ಒಂದು ಗಳಿಗೆ ಸ್ಟೇರಿಂಗ್ ಹಿಡಿದುಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು "ಎಲ್ಲಿಗೆ ಅತ್ತೆ?" ಎಂದರೆ "ಎಲ್ಲಿಗಾದ್ರೂ ಹೋಗುವ ಮಾರಾಯ್ತಿ, ಪೆಟ್ರೋಲ್ ಅಣ್ಣಯ್ಯನದ್ದಲ್ವಾ," ಎಂದು ನಗುತ್ತಿದ್ದಳು. ಆ ನಗು ನನಗೆ ಈಗಲೂ ಕೇಳುತ್ತದೆ.

ಮೊದಲ ವರ್ಷ ಅವಳಿಂದ ಒಂದು ಎಡವಟ್ಟಾಯಿತು. ನಮ್ಮ ಕಡೆಯವರಿಗೆ ತೆಂಗಿನೆಣ್ಣೆಯೆಂದರೆ ಎಲ್ಲದಕ್ಕೂ ಮದ್ದು. ಹುಟ್ಟಿದ ಮಗುವಿಗೆ, ಮಂಡಿ ನೋವಿಗೆ, ದೋಸೆ ಕಾವಲಿಗೆ, ಕಿರುಗುಟ್ಟುವ ಬಾಗಿಲಿಗೆ, ತೊಟ್ಟಿಲ ಮರಕ್ಕೆ ಎಲ್ಲಕ್ಕೂ ಅದೇ. ಮಳೆಗಾಲ ಮುಗಿದ ಮೇಲೆ ಬಾನೆಟ್ ಎತ್ತಿ ನೋಡಿದ ಅತ್ತೆಗೆ ಒಳಗಿನ ಪೈಪು, ವಯರುಗಳೆಲ್ಲ ಒಣಗಿದಂತೆ ಕಂಡವು. "ಅಯ್ಯೋ ಪಾಪ, ಚರ್ಮ ಒಡ್ದು ಹೋಗಿದೆ," ಎಂದು ಒಂದು ಬಟ್ಟಲು ಎಣ್ಣೆ ತಂದು ಎಲ್ಲಕ್ಕೂ ಹಚ್ಚಿದಳು. ಡ್ಯಾಶ್‌ಬೋರ್ಡಿಗೂ ಹಚ್ಚಿದಳು. ಕಾರು ಮದುಮಗಳಂತೆ ಹೊಳೆಯಿತು, ಅಜ್ಜಿ ದೃಷ್ಟಿ ತೆಗೆದರು. ಮೂರನೆಯ ದಿನ ಕಾರು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಬಂದು ಎತ್ತಿ ನೋಡಿದರೆ ವಯರೆಲ್ಲ ಚೂರುಚೂರು. ಮನೆಯ ಹಿಂದಿನ ಚರಂಡಿಯ ಇಲಿಗಳಿಗೆ ಹಬ್ಬದೂಟ ಆಗಿತ್ತು. ಅಡುಗೆಮನೆಯಲ್ಲಿ ಇಲಿಬೋನಿಗೆ ದಿನಾ ಕೊಬ್ಬರಿ ಚೂರು ಸಿಕ್ಕಿಸುವ ಮನೆಯಲ್ಲಿ ಇದು ಒಬ್ಬರಿಗೂ ಹೊಳೆದಿರಲಿಲ್ಲ! ಅಪ್ಪ ಬಿದ್ದು ಬಿದ್ದು ನಕ್ಕರು, ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದೊಡ್ಡಪ್ಪ ನಗಲಿಲ್ಲ. "ಇನ್ನು ಜನ್ಮದಲ್ಲಿ ನನ್ನ ಗಾಡಿಗೆ ತೆಂಗಿನೆಣ್ಣೆ ಮುಟ್ಟಿಸ್ಬೇಡ, ಗೊತ್ತಾಯ್ತಾ?" ಎಂದು ಅಂಗಳದಲ್ಲಿ ನಿಂತು ಗಲ್ಲಿಗೆಲ್ಲ ಕೇಳುವಂತೆ ಕೂಗಿದರು. ಅತ್ತೆ ಮತ್ತೆ ಮುಟ್ಟಿಸಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಎಣ್ಣೆಯ ಮೇಲಿನ ಆ ಕೋಪವನ್ನು ಅವರು ಅತ್ತೆಯ ಜಡೆಯ ಮೇಲೂ ತೀರಿಸಿಕೊಂಡರು. ಅವಳು ಕಾರಿನಲ್ಲಿ ಕೂತರೆ ಜಡೆಯ ಎಣ್ಣೆ ಸೀಟಿಗೆ ಹತ್ತುತ್ತದಂತೆ, ಕಲೆ ಹೋಗುವುದಿಲ್ಲವಂತೆ. ಹಾಗೆಂದು ಅಲ್ಲಿಂದ ಮುಂದೆ ಮದುವೆ, ಮುಂಜಿ, ದೇವಸ್ಥಾನ ಯಾವುದಕ್ಕೂ ಅವಳು ಅದರಲ್ಲಿ ಹೋಗಲಿಲ್ಲ. ತೊಳೆಯುವುದಕ್ಕೆ ಕೂರಬಹುದು, ಹೋಗುವುದಕ್ಕೆ ಕೂರಬಾರದು. ನಿಮ್ಮ ಮನೆಗಳಲ್ಲೂ ಇಂಥ ಕಾನೂನುಗಳು ಇದ್ದಿರಬಹುದು. ಯಾರೂ ಬರೆದಿರುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಅಪ್ಪ ಪಾಪದ ಮನುಷ್ಯ, ಅಣ್ಣನ ಎದುರು ಬಾಯಿ ತೆರೆಯುತ್ತಿರಲಿಲ್ಲ. ಅಜ್ಜಿಯೊಬ್ಬರು ಮಾತ್ರ "ಅವಳು ಕೂರದ ಗಾಡಿಯಲ್ಲಿ ನಾನೂ ಕೂರೂದಿಲ್ಲ," ಎಂದು ಹಟ ಹಿಡಿದು, ಕೊನೆಯವರೆಗೂ ಸರೋಜತ್ತೆಯ ಜೊತೆ ರಿಕ್ಷಾದಲ್ಲೇ ಓಡಾಡಿದರು. ಅಜ್ಜಿ ಆ ಕಾರು ಹತ್ತಿದ್ದು ಒಂದೇ ಸಲ. ಎದೆನೋವು ಬಂದು ಪ್ರಜ್ಞೆ ತಪ್ಪಿದಾಗ ಎತ್ತಿ ಮಲಗಿಸಿ ಠಾಣೆಯ ಆಸ್ಪತ್ರೆಗೆ ಒಯ್ದಾಗ.

ಅದಾದ ಮುಂದಿನ ಭಾನುವಾರ. ಆಸ್ಪತ್ರೆಯಲ್ಲಿ ಅಪ್ಪ, ಅಮ್ಮ ಇದ್ದರು. ಸರೋಜತ್ತೆ ಹಿಂದಿನ ದಿನವೆಲ್ಲ ಅಲ್ಲಿದ್ದು ಸ್ನಾನ, ಅಡುಗೆಗೆಂದು ಮನೆಗೆ ಬಂದಿದ್ದಳು. ಅಂಥ ದಿನವೂ ಕಾರು ತೊಳೆಸುವುದನ್ನು ದೊಡ್ಡಪ್ಪ ಬಿಡಲಿಲ್ಲ. ಆ ವಾರವಷ್ಟೇ ಬೆಣ್ಣೆ ಬಣ್ಣದ ಹೊಸ ಸೀಟ್ ಕವರ್ ಹಾಕಿಸಿದ್ದರು. ಅತ್ತೆ ತೊಳೆದು ಮುಗಿಸಿ, ಸ್ನಾನಕ್ಕೆಂದು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಾಗ ಫೋನು ಬಂತು. ಅಪ್ಪ. "ಅಮ್ಮನಿಗೆ ಎಚ್ಚರ ಬಂದಿದೆ, ಸರೋಜಕ್ಕನನ್ನೇ ಕೇಳ್ತಾ ಇದ್ದಾರೆ. ತಡ ಮಾಡ್ಬೇಡಿ." ದೊಡ್ಡಪ್ಪ, ದೊಡ್ಡಮ್ಮ ಮುಂದೆ ಕೂತರು. ಅತ್ತೆ ನನ್ನನ್ನು ಎಳೆದುಕೊಂಡು ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟಳು. ದೊಡ್ಡಪ್ಪ ಕನ್ನಡಿಯಲ್ಲಿ ನೋಡಿದರು. "ಸರೋಜ, ತಲೆ ನೋಡ್ಕೋ. ಹೊಸ ಕವರು. ಇಳಿ." ಅತ್ತೆ ಹೇಳಿದಳು, "ಟವೆಲ್ ಕಟ್ಕೊಳ್ತೇನೆ ಅಣ್ಣಯ್ಯ. ಒರಗೂದೂ ಇಲ್ಲ. ಮುಂದೆ ಬಗ್ಗಿ ಕೂತ್ಕೊಳ್ತೇನೆ." "ನೀನು ಟ್ರೇನಲ್ಲಿ ಬಾ. ಅದೇ ಬೇಗ ಮುಟ್ತದೆ. ಇಳಿ, ಇಳಿ, ಲೇಟಾಗ್ತದೆ." ಅತ್ತೆ ಇಳಿದಳು. ನಾನೂ ಇಳಿದೆ. ಇಳಿದ ಮೇಲೆ ಅವಳು ಬಗ್ಗಿ, ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ಕಾರು ಗೇಟು ದಾಟಿತು. ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು.

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಎಂದರೆ ಏನೆಂದು ಇಲ್ಲಿ ಬದುಕಿದವರಿಗೆ ನಾನು ಹೇಳಬೇಕಾಗಿಲ್ಲ. ಹಳಿ ರಿಪೇರಿಗೆಂದು ಅರ್ಧ ಲೋಕಲ್ ರೈಲುಗಳು ರದ್ದಾಗಿರುತ್ತವೆ, ಉಳಿದವು ತೆವಳುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ಕಾದು ಕಾದು ಒಂದು ಗಾಡಿಗೆ ನುಗ್ಗಿದೆವು. ಮುಂಬ್ರಾ ದಾಟಿದ ಮೇಲೆ ಖಾಡಿಯ ಹಿನ್ನೀರಿನ ಪಕ್ಕದಲ್ಲಿ ಅದು ನಿಂತಿತು. ಕೆಸರಿನ ವಾಸನೆ, ಬೆವರು, ಯಾರದೋ ಬುಟ್ಟಿಯ ಮೀನು. ಅತ್ತೆ ಬಾಗಿಲ ಕಂಬಿ ಹಿಡಿದು ನಿಂತಿದ್ದಳು, ಎಣ್ಣೆ ಇಳಿದು ಕತ್ತಿನ ಹಿಂದೆ ರವಿಕೆ ಒದ್ದೆಯಾಗಿತ್ತು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಪಕ್ಕದ ರಸ್ತೆಯಲ್ಲಿ ಬಿಳಿ ಕಾರು ಹೋದಾಗಲೆಲ್ಲ ನಾನು ನೋಡುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲಿನಲ್ಲಿ ಅಪ್ಪ ಕೂತಿದ್ದರು. ನಮ್ಮನ್ನು ನೋಡಿದ್ದೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಜ್ಜಿ ಹೋಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ದೊಡ್ಡಪ್ಪ ಒಳಗೆ ಹೋದಾಗ ಇನ್ನೂ ಉಸಿರಿತ್ತಂತೆ, ಕಣ್ಣು ಬಿಟ್ಟು ಅವರ ಹಿಂದೆ ಯಾರಿದ್ದಾರೆಂದು ನೋಡಿ "ಸರೋಜ ಎಲ್ಲಿ?" ಎಂದು ಕೇಳಿದರಂತೆ. ಆಮೇಲೆ ಮಾತಾಡಲಿಲ್ಲವಂತೆ. ಹೊರಗೆ ಮರದ ನೆರಳಿನಲ್ಲಿ ಕಾರು ತೊಳೆದ ಹೊಳಪಿನಲ್ಲೇ ನಿಂತಿತ್ತು.

ಹನ್ನೆರಡನೆಯ ದಿನದ ಊಟಕ್ಕೆ ಊರಿನಿಂದ ನೆಂಟರು ಬರುವವರಿದ್ದರು. ಸ್ಟೇಷನ್ನಿನಿಂದ ಕರೆತರಲು ಕಾರು ಓಡಬೇಕಿತ್ತು. "ಸರೋಜ, ಗಾಡಿ ಒಂದು ತೊಳ್ದಿಡು. ಸೂತಕದ್ದು ಎಲ್ಲ ಹೋಗ್ಲಿ," ಎಂದರು ದೊಡ್ಡಪ್ಪ ಮೂರು ದಿನ ಮೊದಲೇ, ಏನೂ ಆಗದವರ ಹಾಗೆ. ಅತ್ತೆ ತೊಳೆದಳು. ಅಷ್ಟು ಚೆಂದವಾಗಿ ಅವಳು ಆ ಕಾರು ತೊಳೆದದ್ದನ್ನು ನಾನು ಮೊದಲು ನೋಡಿರಲಿಲ್ಲ. ಕಡ್ಡಿ, ಬ್ರಶ್ಶು, ಪೇಪರು ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಒಳಗೆ ಹೋಗಿ ಹಿತ್ತಾಳೆ ಬಟ್ಟಲಿನ ತುಂಬ ತೆಂಗಿನೆಣ್ಣೆ ತಂದು ನನ್ನ ಕೈಗೆ ಕೊಟ್ಟು, ಬಾನೆಟ್ ಎತ್ತಿದಳು. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಅದ್ದಿ, ಒಂದೊಂದೇ ವಯರಿಗೆ ಮೇಲಿನಿಂದ ಕೆಳಗೆ ನಿಧಾನವಾಗಿ ಹಚ್ಚಿದಳು. ಆಮೇಲೆ ಹೊಸ ಸೀಟ್ ಕವರುಗಳ ಅಂಚು ಎತ್ತಿ ಒಳಮೈಗೆ ಹಚ್ಚಿದಳು. ನನಗೆ ಭಯವಾಯಿತು. "ಅತ್ತೆ, ದೊಡ್ಡಪ್ಪ ಬೇಡ ಅಂದಿದ್ರಲ್ಲ?" ಎಂದೆ. ಅವಳು ನನ್ನ ಮುಖ ನೋಡಿದಳು. "ನನಗೆ ನೆನಪುಂಟು," ಎಂದಳು. ಬಟ್ಟಲನ್ನು ಇನ್ನಷ್ಟು ಹತ್ತಿರ ಹಿಡಿಯಲು ಹೇಳಿದಳು.

ಇಲಿಗಳು ಮೋಸ ಮಾಡಲಿಲ್ಲ. ನೆಂಟರು ರಿಕ್ಷಾದಲ್ಲಿ ಬಂದರು. ಬೆಣ್ಣೆ ಬಣ್ಣದ ಕವರುಗಳ ಹತ್ತಿಯನ್ನು ಕಿತ್ತು ಬಾನೆಟ್ಟಿನೊಳಗೆ ಒಂದು ಇಲಿ ಗೂಡೇ ಕಟ್ಟಿಕೊಂಡಿತ್ತು, ಮೆಕ್ಯಾನಿಕ್ ಅದನ್ನು ಬಾಲ ಹಿಡಿದು ಎಳೆದಾಗ ನಾನು ಮನಸ್ಸಿನಲ್ಲೇ ಕುಣಿದೆ. ಎಷ್ಟು ತಿಕ್ಕಿದರೂ ವಾಸನೆ ಹೋಗಲಿಲ್ಲ, ರಿಪೇರಿಯಾದ ಮೇಲೂ ಇಲಿಗಳು ಬಂದವು, ಕೊನೆಗೆ ಕಾರನ್ನು ಭಿವಂಡಿಯ ಯಾರಿಗೋ ಬಂದಷ್ಟಕ್ಕೆ ಕೊಟ್ಟರು. ಅತ್ತೆಯ ಸೇಡು ಇಲ್ಲಿಗೆ ತೀರಬೇಕಿತ್ತು. ತೀರಲಿಲ್ಲ. ಏಕೆಂದರೆ ಹನ್ನೆರಡನೆಯ ದಿನದ ಪಂಕ್ತಿಯ ಎದುರು ದೊಡ್ಡಪ್ಪ ನಿಂತು, ದೊಡ್ಡ ಮನಸ್ಸಿನವರಂತೆ, "ಅಮ್ಮ ಹೋದ ದುಃಖಕ್ಕೆ ಅವಳಿಗೆ ತಲೆ ಸರಿ ಇರ್ಲಿಲ್ಲ, ಪಾಪ. ನಾನು ಒಂದು ಮಾತೂ ಅನ್ಲಿಲ್ಲ, ಬಿಟ್ಟುಬಿಟ್ಟೆ," ಎಂದರು. ನೆಂಟರೆಲ್ಲ ತಲೆದೂಗಿದರು. ಎಂಥ ಅಣ್ಣ ಎಂದರು. ಒಬ್ಬ ಹೆಂಗಸಿನ ನೆಟ್ಟಗಿನ ಸಿಟ್ಟನ್ನು ಹೀಗೆ ಒಂದು ಮಾತಿನಲ್ಲಿ ಹುಚ್ಚು ಮಾಡಿಟ್ಟರು. ಅಂದಿನಿಂದ ಅವಳು ಸರೋಜ ಅಲ್ಲ, ಪಾಪ ಸರೋಜ. ಕೆಲವೇ ದಿನಗಳಲ್ಲಿ ದೊಡ್ಡಮ್ಮ "ನಿಂಗೆ ಯಾಕೆ ಇದೆಲ್ಲ ತಾಪತ್ರಯ," ಎಂದು ಅವಳ ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದುಕೊಂಡರು. ಗ್ಯಾಸ್ ಹಚ್ಚುವಾಗ ಯಾರಾದರೂ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಸಂತೆಗೆ ಹೊರಟರೆ ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ಇಡೀ ಮನೆಯ ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದವಳ ಮೇಲೆ ಒಂದು ಮಗುವಿನ ಕಾವಲು!

ಹೈಸ್ಕೂಲಿಗೆ ಬಂದ ಮೇಲೆ ಒಮ್ಮೆ ತಡೆಯಲಾರದೆ ಕೇಳಿದೆ, "ನಿಜ ಹೇಳಿಬಿಡ್ಲಾ ಅತ್ತೆ?" ಅವಳು ಸೊಪ್ಪು ಸೋಸುತ್ತಿದ್ದಳು. "ಹೇಳಿದ್ರೆ ನಾನು ಎಲ್ಲಿಗೆ ಹೋಗ್ಲಿ? ಅವ್ರ ಮನೆ, ಅವ್ರ ಅನ್ನ," ಎಂದಳು. ಇನ್ನೊಂದು ಕಟ್ಟು ಬಿಚ್ಚಿ, "ನಾನಿರುವಷ್ಟು ದಿನ ಬೇಡ. ಮತ್ತೆ ನೀನು ಹೇಳು. ಒಬ್ಬರಿಗಾದ್ರೂ ಗೊತ್ತಾಗ್ಲಿ, ನಂಗೆ ತಲೆ ಸರಿ ಇತ್ತು ಅಂತ," ಎಂದಳು. ನನ್ನ ಮೊದಲ ಕೆಲಸ ಸಿಗುವ ಮೊದಲೇ ಅವಳು ಹೋದಳು, ಜ್ವರದ ನೆಪದಲ್ಲಿ, ಯಾರಿಗೂ ತೊಂದರೆ ಕೊಡದೆ. ಅವಳನ್ನು ನನ್ನದೇ ಕಾರಿನಲ್ಲಿ ಕೂರಿಸಿಕೊಂಡು ಖಾಡಿಯ ಸೇತುವೆ ದಾಟಿಸುವ ನನ್ನ ಆಸೆಯೂ ಅವಳ ಜೊತೆ ಹೋಯಿತು. ಅಪ್ಪ ಹೋದರು, ದೊಡ್ಡಮ್ಮ ಹೋದರು. ಮನೆ ರೀಡೆವಲಪ್‌ಮೆಂಟಿಗೆ ಹೋಯಿತು. ಕಡಪ ಕಲ್ಲು ಕಿತ್ತ ಜಾಗದಲ್ಲಿ ಈಗ ಟವರಿನ ಪಾರ್ಕಿಂಗ್ ಇದೆ, ಒಂದರ ಮೇಲೊಂದು ಕಾರುಗಳು ನಿಲ್ಲುತ್ತವೆ. ಹೋದ ವರ್ಷ ಹೋಗಿ ನೋಡಿದೆ. ನುಗ್ಗೆಮರ ಎಲ್ಲಿತ್ತೆಂದು ಅಂದಾಜು ಸಿಗಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ದೊಡ್ಡಪ್ಪ ಐರೋಲಿಗೆ ಬಂದರು, ಅಮ್ಮನನ್ನು ನೋಡಿಕೊಂಡು ಹೋಗಲು. ಈಗ ನೆರೂಳಿನಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸಾಗಿದೆ, ಆದರೆ ನೆಟ್ಟಗಿದ್ದಾರೆ, ಕಣ್ಣು ಇನ್ನೂ ಎಲ್ಲದರಲ್ಲಿ ತಪ್ಪು ಹುಡುಕುತ್ತದೆ. ಊಟ ಮುಗಿಸಿ ಕೆಳಗೆ ಬಂದಾಗ ನಾನು ಕಾರು ತೊಳೆದು ಒರೆಸುತ್ತಿದ್ದೆ. ಬಸಪ್ಪ ಕುರ್ಚಿ ತಂದು ಹಾಕಿದ. ಅವರು ಕೂರಲಿಲ್ಲ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಬಾನೆಟ್ಟಿನ ಮೇಲೆ ಕೈ ಊರಿ ನಿಂತರು. "ಚೆಂದ ಇಟ್ಟಿದ್ದಿ. ಗೀರಿಲ್ಲ, ಕಲೆ ಇಲ್ಲ," ಎಂದರು. ಆಮೇಲೆ ಕಿಟಕಿಯಲ್ಲಿ ಬಗ್ಗಿ ನೋಡಿ, "ಡ್ರೈವರ್ ಸೀಟಿನ ತಲೆ ಹತ್ರ ಎಂತದು ಅದು? ಎಣ್ಣೆ. ಅದೊಂದು ತೆಗ್ದುಬಿಡು ಶುಭಾ, ಗಾಡಿಯ ಅಂದವೇ ಹಾಳು," ಎಂದರು. ನಾನು ಒರೆಸುತ್ತಲೇ ಇದ್ದೆ. ಅವರೇ ನೆನಪಿಗೆ ಹೋದರು. "ನಮ್ಮ ಸರೋಜನೂ ಹೀಗೇ ತೊಳೀತಿದ್ಲು. ಕೈ ಒಳ್ಳೇದು. ಅಮ್ಮ ಹೋದಾಗ ಮಾತ್ರ ಮತ್ತೆ ಎಣ್ಣೆ ಹಚ್ಚಿ ಇಲಿ ಕರೆಸಿದ್ಲು. ನಾನು ಬೇಡ ಅಂದದ್ದು ಮರ್ತಿದ್ಲು, ಪಾಪ."

ಅಷ್ಟು ವರ್ಷ ನಾನು ಕಾದದ್ದು 'ಮರ್ತಿದ್ಲು' ಎಂಬ ಆ ಒಂದು ಪದಕ್ಕೆ. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದೆ. "ಮರ್ತಿರ್ಲಿಲ್ಲ ದೊಡ್ಡಪ್ಪ," ಎಂದೆ. "ಬಟ್ಟಲು ಹಿಡ್ಕೊಂಡದ್ದು ನಾನು. ನಾನೇ ನೆನಪು ಮಾಡಿದೆ, ದೊಡ್ಡಪ್ಪ ಬೇಡ ಅಂದಿದ್ರಲ್ಲ ಅಂತ. ನನಗೆ ನೆನಪುಂಟು ಅಂದ್ಲು. ಅಂದು ಇನ್ನೂ ಹಚ್ಚಿದ್ಲು. ನಿಮ್ಮ ಹೊಸ ಕವರಿಗೂ, ಒಳಗಿಂದ, ಬೇಕು ಅಂತಲೇ." ಅವರು ನನ್ನನ್ನು ನೋಡಿದರು. ಬಾನೆಟ್ಟಿನ ಮೇಲಿದ್ದ ಕೈ ತಾನಾಗಿ ಮೇಲೆದ್ದಿತು, ಸುಟ್ಟಂತೆ. ಇಷ್ಟು ವರ್ಷ ಯಾರನ್ನು ತಾವು ಕ್ಷಮಿಸಿದ್ದೇವೆಂದು ಹೇಳಿಕೊಂಡು ತಿರುಗಿದರೋ ಅವಳು ಒಂದು ದಿನವೂ ತಮ್ಮನ್ನು ಕ್ಷಮಿಸಿರಲಿಲ್ಲ ಎಂಬುದು ಅವರ ಮುಖದಲ್ಲಿ ನಿಧಾನವಾಗಿ ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಈಗ ಕುರ್ಚಿಯಲ್ಲಿ ಕೂತರು. ಬಸಪ್ಪ ನೀರು ತಂದುಕೊಟ್ಟ. ಅರ್ಧ ಕುಡಿದು, ನನ್ನ ಕಡೆ ನೋಡದೆ, "ಇವತ್ತು ಮೆಗಾಬ್ಲಾಕ್ ಅಂತೆ. ನೆರೂಳಿಗೆ ಬಿಟ್ಟು ಬರ್ತಿಯಾ?" ಎಂದರು.

"ಟ್ರೇನಲ್ಲಿ ಹೋಗಿ ದೊಡ್ಡಪ್ಪ. ಅದೇ ಬೇಗ ಮುಟ್ತದೆ," ಎಂದೆ. ಆ ಮಾತು ಅವರಿಗೆ ನೆನಪಾಯಿತೋ ಇಲ್ಲವೋ ತಿಳಿಯದು. ಎದ್ದರು, ಚಪ್ಪಲಿ ಸರಿ ಮಾಡಿಕೊಂಡರು, ಬಸಪ್ಪ ಕರೆದ ರಿಕ್ಷಾ ಹತ್ತಿ ಸ್ಟೇಷನ್ನಿನ ಕಡೆ ಹೋದರು. ತಿರುಗಿ ನೋಡಲಿಲ್ಲ. ಮುದುಕರ ಮೇಲೆ ಹೀಗೆ ಸೇಡೇ ಎಂದು ನೀವು ಕೇಳಬಹುದು, ಮೇಲಿನಿಂದ ಕಿಟಕಿಯಲ್ಲಿ ನೋಡುತ್ತಿದ್ದ ಅಮ್ಮನೂ ಅದನ್ನೇ ಕೇಳಿದಳು. ನನಗೆ ಪಶ್ಚಾತ್ತಾಪವಾಗಲಿಲ್ಲ, ಇದನ್ನು ಬರೆಯುತ್ತಿರುವಾಗಲೂ ಆಗುತ್ತಿಲ್ಲ. ಅತ್ತೆಯ ಸೀರೆಯ ತುಂಡು ಮತ್ತೆ ಅದ್ದಿ ಹಿಂಡಿ ಬಾನೆಟ್ಟಿನ ಮೇಲೆ ಮೂಡಿದ್ದ ಅವರ ಅಂಗೈಯ ಗುರುತು ಒರೆಸಿದೆ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಭಾನುವಾರದ ಎಣ್ಣೆ ಹಚ್ಚಿದ ನನ್ನ ತಲೆಯನ್ನು ಹಿಂದಕ್ಕೆ ಒರಗಿಸಿದೆ. ಆ ಕಲೆ ನನ್ನದೇ. ಇಡೀ ಕಾರಿನಲ್ಲಿ ನಾನು ಎಂದೂ ತೊಳೆಯದ ಜಾಗ ಅದೊಂದೇ. ಎಲ್ಲಿಗೆ ಅತ್ತೆ, ಎಂದೆ. ಐರೋಲಿ ಸೇತುವೆಯ ಕಡೆಯಿಂದ ಖಾಡಿಯ ಗಾಳಿ ಬರುತ್ತಿತ್ತು. ಪಕ್ಕದ ಸೀಟು ಖಾಲಿ ಇತ್ತು, ಹಿಂದಿನ ಸೀಟೂ ಖಾಲಿ ಇತ್ತು.